ಡೈರಿ ಬಿಟ್ಟು ಹೊಸ ಟಾಸ್ಕ್ ಆ್ಯಪ್‌ಗೆ ಹೋಗುವ ಮುಂಚೆ ಏನೇನು ಪರೀಕ್ಷಿಸಬೇಕು?

ಬದಿಯಡ್ಕ_ಲೆಕ್ಕ:
ಬದಿಯಡ್ಕದಲ್ಲಿ ಸಣ್ಣ ಆಫೀಸು, ಜೊತೆಗೆ ಅಡಿಕೆ ತೋಟ. ಎಲ್ಲ ಕೆಲಸದ ನೆನಪೂ ಡೈರಿಯಲ್ಲಿ ಮತ್ತು ವಾಟ್ಸಾಪ್‌ನಲ್ಲಿ ನನಗೆ ನಾನೇ ಕಳಿಸಿಕೊಂಡ ಮೆಸೇಜುಗಳಲ್ಲಿ ಉಂಟು. ಟೊಡೊಯಿಸ್ಟ್, ನೋಷನ್, ಆಬ್ಸಿಡಿಯನ್ ಈ ಮೂರು ಆ್ಯಪ್‌ಗಳಲ್ಲಿ ಒಂದಕ್ಕೆ ಹೋಗುವ ಯೋಚನೆ. ಕನ್ನಡ, ಮಲಯಾಳ, ಇಂಗ್ಲಿಷ್ ಮೂರೂ ಬೆರೆತ ಟಿಪ್ಪಣಿಗಳು. ಆಂಡ್ರಾಯ್ಡ್ ಫೋನ್, ಆಫೀಸಿನಲ್ಲಿ ಲಿನಕ್ಸ್. ಮಳೆಗಾಲದಲ್ಲಿ ಕರೆಂಟು, ನೆಟ್ ಎರಡೂ ಹೋಗ್ತದೆ. ಯಾವ ಯಾವ ಪರೀಕ್ಷೆ ಮಾಡಿ ನೋಡಬೇಕು? ಫೀಚರುಗಳ ಪಟ್ಟಿ ಬೇಡ, ಅದು ಎಲ್ಲ ಕಡೆ ಸಿಗ್ತದೆ.

ಕುಂಬಳೆ ಕೀಲಿಮಣೆ:
ಮೊದಲ ದಿನವೇ ಹೊರಗೆ ಬರುವ ದಾರಿ ನೋಡಿಕೊಳ್ಳಿ. ಹೆಚ್ಚಿನವರು ಎಕ್ಸ್‌ಪೋರ್ಟ್ (ಒಳಗಿರುವುದನ್ನೆಲ್ಲ ಫೈಲುಗಳಾಗಿ ಹೊರಗೆ ತೆಗೆಯುವುದು) ಒತ್ತುವುದು ಬೇಸತ್ತು ಬಿಡುವ ದಿನ. ಅಷ್ಟರಲ್ಲಿ ಒಳಗೆ ಸಾವಿರ ಟಿಪ್ಪಣಿ ಸೇರಿರ್ತದೆ.

ಬೇರೊಂದು ಇಮೇಲ್‌ನಲ್ಲಿ ಖಾತೆ ತೆರೆದು ನಿಮ್ಮದೇ ಇಪ್ಪತ್ತು-ಮೂವತ್ತು ಟಿಪ್ಪಣಿ ಹಾಕಿ. ತೊಂದರೆ ಕೊಡುವಂಥದ್ದನ್ನೇ ಆರಿಸಿ, ಅಂದರೆ ಬಿಲ್ಲಿನ ಫೋಟೊ, ಟೇಬಲ್, ಉದ್ದದ ಕನ್ನಡ ಶೀರ್ಷಿಕೆ, ಒಂದರೊಳಗೊಂದು ಇರುವ ಕೆಲಸಗಳು. ಎಕ್ಸ್‌ಪೋರ್ಟ್ ಮಾಡಿ, ನೆಟ್ ಆಫ್ ಮಾಡಿದ ಮೇಲೆ ಆ ಫೈಲುಗಳನ್ನು ತೆರೆಯಿರಿ. ಫೋಟೊವೇ ಬಂದಿದೆಯೋ ಬರೀ ಲಿಂಕ್ ಬಂದಿದೆಯೋ ಎಂದು ಆಗ ಗೊತ್ತಾಗ್ತದೆ.

ಲಿನಕ್ಸ್ ಎಂದಿರಲ್ಲ, ಅಲ್ಲಿ ಫೈಲಿನ ಹೆಸರು ಕೈಕೊಡುವುದುಂಟು. ಕಂಪ್ಯೂಟರ್ ಅಕ್ಷರಗಳನ್ನು ಉಳಿಸಿಡುವ ಯುಟಿಎಫ್-8 ಎಂಬ ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ (ವ್ಯಂಜನ, ಸ್ವರಚಿಹ್ನೆ, ಒತ್ತಿನ ಗುರುತು ಒಂದೊಂದೂ ಬೇರೆ ಸಂಕೇತ) 3 ಬೈಟ್ ಬೇಕು. ‘ಕಾಸರಗೋಡು’ ಎಂದರೆ 8 ಸಂಕೇತ, 24 ಬೈಟ್. ‘ಕ್ಷ’ ನೋಡಲು ಒಂದೇ ಅಕ್ಷರ, ಲೆಕ್ಕಕ್ಕೆ 9 ಬೈಟ್. ಲಿನಕ್ಸ್‌ನಲ್ಲಿ ಡಿಸ್ಕಿನ ಫೈಲುಗಳನ್ನು ಜೋಡಿಸಿಡುವ ಇಎಕ್ಸ್‌ಟಿ4 ವ್ಯವಸ್ಥೆಯಲ್ಲಿ ಫೈಲಿನ ಹೆಸರು 255 ಬೈಟ್ ಮೀರುವ ಹಾಗಿಲ್ಲ. ಅದರಲ್ಲಿ ನೋಷನ್ ಎಕ್ಸ್‌ಪೋರ್ಟ್ ಮಾಡುವಾಗ ಪುಟದ ಹೆಸರಿನ ಕೊನೆಗೆ 32 ಅಕ್ಷರಗಳ ಗುರುತನ್ನು ಅಂಟಿಸ್ತದೆ. ಕನ್ನಡಕ್ಕೆ ಉಳಿಯುವುದು ಎಪ್ಪತ್ತು ಚಿಲ್ಲರೆ ಸಂಕೇತ. ಶೀರ್ಷಿಕೆ ಅದಕ್ಕಿಂತ ಉದ್ದವಾದರೆ ಹೆಸರು ತುಂಡಾಗಬಹುದು, ಇಲ್ಲವೇ ಜಿಪ್ ಬಿಚ್ಚುವಾಗ ಎರರ್ ಬರಬಹುದು. ಶೀರ್ಷಿಕೆ ಗಿಡ್ಡವಾಗಿಡಿ, ವಿವರ ಒಳಗೆ ಬರೆಯಿರಿ.

ಆಬ್ಸಿಡಿಯನ್‌ನಲ್ಲಿ ಈ ಚಿಂತೆ ಕಡಿಮೆ. ಟಿಪ್ಪಣಿಗಳು ಮೊದಲಿನಿಂದಲೂ ನಿಮ್ಮ ಫೋಲ್ಡರಿನಲ್ಲೇ ಮಾರ್ಕ್‌ಡೌನ್ (ಸರಳ ಪಠ್ಯದ) ಫೈಲುಗಳಾಗಿ ಇರುತ್ತವೆ. ಆದರೆ ಸಿಂಕ್, ಅಂದರೆ ಫೋನು-ಕಂಪ್ಯೂಟರುಗಳ ಪ್ರತಿಗಳನ್ನು ಒಂದೇ ಆಗಿಡುವ ಜವಾಬ್ದಾರಿ ನಿಮ್ಮದು. ಫೋನು, ಕಂಪ್ಯೂಟರು ಎರಡರಲ್ಲೂ ನೆಟ್ ತೆಗೆದು, ಒಂದೇ ಟಿಪ್ಪಣಿಯ ಒಂದೇ ಸಾಲನ್ನು ಬೇರೆ ಬೇರೆ ಥರ ತಿದ್ದಿ, ಮತ್ತೆ ನೆಟ್ ಕೊಡಿ. ಸಿಂಕ್ ಮಾಡುವ ಸಿಂಕ್‌ಥಿಂಗ್ ಎಂಬ ತಂತ್ರಾಂಶವಾದರೆ ಎರಡನೆಯ ಪ್ರತಿಯನ್ನು ‘ಸಿಂಕ್-ಕಾನ್‌ಫ್ಲಿಕ್ಟ್’ ಎಂಬ ಹೆಸರಿನಲ್ಲಿ ಪಕ್ಕಕ್ಕೆ ಇಡ್ತದೆ. ಸದ್ದಿಲ್ಲದೆ ಒಂದನ್ನು ಅಳಿಸುವ ಆ್ಯಪ್ ನಮ್ಮ ಮಳೆಗಾಲಕ್ಕೆ ಆಗುವುದಿಲ್ಲ.

ಮಂಜೇಶ್ವರ ಲಿಪಿ:
ಹುಡುಕಾಟವನ್ನೂ ಪರೀಕ್ಷಿಸಿ. ಇಂಗ್ಲಿಷಿನಲ್ಲಿ ಸರಿಯಾಗಿ ಹುಡುಕುವ ಆ್ಯಪ್ ಕನ್ನಡದಲ್ಲಿ ಮುಗ್ಗರಿಸುವುದು ವಿಭಕ್ತಿ ಪ್ರತ್ಯಯಗಳಿಂದ. ಒಂದು ಟಿಪ್ಪಣಿಯಲ್ಲಿ ‘ಬ್ಯಾಂಕಿಗೆ’, ಇನ್ನೊಂದರಲ್ಲಿ ‘ಬ್ಯಾಂಕ್’ ಎಂದು ಬರೆದು ‘ಬ್ಯಾಂಕ’ ಎಂದು ಹುಡುಕಿ. ಎರಡೂ ಸಿಕ್ಕಿದರೆ ಆ್ಯಪ್ ಪದದ ತುಂಡನ್ನೂ ಹುಡುಕ್ತದೆ ಎಂದರ್ಥ. ಪೂರ್ತಿ ಪದ ಕೊಟ್ಟರೆ ಮಾತ್ರ ಸಿಗುವುದಾದರೆ ಕನ್ನಡದಲ್ಲಿ ಅದನ್ನು ನಂಬಿ ಕೂರಬೇಡಿ.

ಮಲಯಾಳದ ತೊಡಕು ಬೇರೆ. ಚಿಲ್ಲು ಅಕ್ಷರಗಳಿಗೆ (ಸ್ವರವಿಲ್ಲದ ವ್ಯಂಜನದ ವಿಶೇಷ ರೂಪಗಳಿಗೆ) 2008ರಲ್ಲಿ ಯುನಿಕೋಡ್ 5.1ರಲ್ಲಿ ಪ್ರತ್ಯೇಕ ಸಂಕೇತ ಬಂತು. ಅದಕ್ಕೂ ಮುಂಚೆ ವ್ಯಂಜನ, ಚಂದ್ರಕಲೆ (ನಮ್ಮ ಅರ್ಧಾಕ್ಷರದ ಗುರುತಿನಂಥದ್ದು), ಕಣ್ಣಿಗೆ ಕಾಣದ ಜೋಡಕ ಸೇರಿಸಿ ಬರೆಯುತ್ತಿದ್ದರು. ಆ ರೂಪವನ್ನೇ ಕೊಡುವ ಕೀಲಿಮಣೆಗಳು ಈಗಲೂ ಇವೆ. ಪರದೆಯ ಮೇಲೆ ಎರಡೂ ಒಂದೇ, ಹುಡುಕುವಾಗ ಬೇರೆ ಬೇರೆ. ಹಾಗಾಗಿ ಆಫೀಸಿನ ಕಂಪ್ಯೂಟರಿನಲ್ಲಿ ಟೈಪ್ ಮಾಡಿದ್ದನ್ನು ಫೋನಿನಲ್ಲಿ ಹುಡುಕಿ, ಫೋನಿನದ್ದನ್ನು ಅಲ್ಲಿ.

ಮುಳ್ಳೇರಿಯ ತೋಟ:
ಅಣ್ಣ, ತೋಟಕ್ಕಾದರೆ ಮತ್ತೆ ಮತ್ತೆ ಬರುವ ಕೆಲಸವನ್ನು ಆ್ಯಪ್ ಹೇಗೆ ಎಣಿಸ್ತದೆ ಎಂಬುದು ಮುಖ್ಯ. ಕೊಳೆರೋಗಕ್ಕೆ ಮಳೆ ಹಿಡಿಯುವ ಮುಂಚೆ ಒಮ್ಮೆ ಬೋರ್ಡೊ ದ್ರಾವಣ (ಮೈಲುತುತ್ತು, ಸುಣ್ಣದ ಮದ್ದು) ಸಿಂಪಡಿಸಿದರೆ ಮುಂದಿನದು 40-45 ದಿನಕ್ಕೆ. ಮಳೆ ಬಿಡದೆ ಮೊದಲ ಸಲದ ಮದ್ದು ಒಂದು ವಾರ ತಡವಾಯಿತು ಎನ್ನಿ, ಎರಡನೆಯ ಸಲದ್ದೂ ಅಷ್ಟೇ ಮುಂದೆ ಹೋಗಬೇಕು. ಕ್ಯಾಲೆಂಡರ್ ಹಿಡಿದು ಎಣಿಸುವ ಆ್ಯಪ್ ಹಳೇ ತಾರೀಕಿಗೇ ನೆನಪಿಸ್ತದೆ. ಟೊಡೊಯಿಸ್ಟ್‌ನಲ್ಲಿ ‘ಎವ್ರಿ’ ಎಂದು ಬರೆದ ಮೇಲೆ ಜಾಗ ಬಿಡದೆ ಆಶ್ಚರ್ಯಸೂಚಕ ಚಿಹ್ನೆ ಹಾಕಿ ‘45 ಡೇಸ್’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ, ಕೆಲಸ ಮುಗಿಯಿತೆಂದು ಗುರುತು ಹಾಕಿದ ದಿನದಿಂದ ಎಣಿಸ್ತದೆ. ಆ ಚಿಹ್ನೆ ಬಿಟ್ಟರೆ ಎಣಿಕೆ ಮೊದಲ ತಾರೀಕಿಗೇ ಅಂಟಿಕೊಳ್ತದೆ. ಪರೀಕ್ಷೆಗೆ 45ರ ಬದಲು 2 ದಿನ ಹಾಕಿ, ಒಂದು ದಿನ ಬೇಕೆಂದೇ ತಡ ಮಾಡಿ ಮುಗಿಸಿ, ಮುಂದಿನ ತಾರೀಕು ನೋಡಿ.

ರಿಮೈಂಡರ್ ಬರುವುದೇ ಇಲ್ಲ ಎಂಬ ದೂರಿಗೆ ಹೆಚ್ಚಾಗಿ ಕಾರಣ ಫೋನಿನ ಬ್ಯಾಟರಿ ಉಳಿತಾಯ. ಆ್ಯಪ್‌ನ ಬ್ಯಾಟರಿ ಸೆಟ್ಟಿಂಗ್‌ನಲ್ಲಿ ‘ಅನ್‌ರಿಸ್ಟ್ರಿಕ್ಟೆಡ್’ ಆರಿಸಿ. ಆಂಡ್ರಾಯ್ಡ್ 14ರಲ್ಲಿ ಹೊಸದಾಗಿ ಹಾಕಿದ ಎಷ್ಟೋ ಆ್ಯಪ್‌ಗಳಿಗೆ ‘ಅಲಾರಂ ಮತ್ತು ರಿಮೈಂಡರ್’ ಅನುಮತಿ ತಾನಾಗಿ ಸಿಗುವುದಿಲ್ಲ, ನಾವೇ ಕೊಡಬೇಕು. ಹತ್ತು ನಿಮಿಷಕ್ಕೊಂದು, ಮರುದಿನ ಬೆಳಗ್ಗೆಗೊಂದು ರಿಮೈಂಡರ್ ಇಡಿ. ಮೂರನೆಯದನ್ನು ಇಟ್ಟು ಫೋನ್ ರೀಸ್ಟಾರ್ಟ್ ಮಾಡಿ, ಆ್ಯಪ್ ತೆರೆಯದೆ ಕಾಯಿರಿ. ಎಡವುವುದು ಹೆಚ್ಚಾಗಿ ಈ ಮೂರನೆಯದರಲ್ಲೇ.

ಬದಿಯಡ್ಕ_ಲೆಕ್ಕ:
ಧನ್ಯವಾದ. ಪರೀಕ್ಷೆ ನಡೆಯುವಷ್ಟು ಕಾಲ ಡೈರಿಯಲ್ಲೂ ಬರೆಯುತ್ತಾ ಹೋಗಬೇಕೇ?

ಮುಳ್ಳೇರಿಯ ತೋಟ:
ಬರೆಯಿರಿ, ಡೈರಿ ಇದ್ದರೆ ಧೈರ್ಯ.

ಕುಂಬಳೆ ಕೀಲಿಮಣೆ:
ಇದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಬಿಲ್ಲು, ಲೆಕ್ಕಕ್ಕಾದರೆ ಎರಡೂ ಕಡೆ ಬರೆಯಲೇಬೇಕು, ತಿಂಗಳ ಕೊನೆಗೆ ಮೊತ್ತ ತಾಳೆ ನೋಡಬಹುದು. ಕೆಲಸದ ಪಟ್ಟಿಗೆ ಅದು ನಡೆಯುವುದಿಲ್ಲ. ಡೈರಿಯಲ್ಲೂ ಇದ್ದರೆ ಕಣ್ಣು ಡೈರಿಗೇ ಹೋಗ್ತದೆ, ಆ್ಯಪ್ ತಪ್ಪಿದ್ದು ಗೊತ್ತೇ ಆಗುವುದಿಲ್ಲ. ಒಂದು ವಿಭಾಗವನ್ನು, ಉದಾಹರಣೆಗೆ ತೋಟದ ಕೆಲಸವನ್ನು, ಪೂರ್ತಿ ಆ್ಯಪ್‌ಗೆ ದಾಟಿಸಿ. ಆಫೀಸಿನದ್ದು ಡೈರಿಯಲ್ಲೇ ಇರಲಿ. ಒಂದು ತಿಂಗಳಾದರೂ ಬೇಕು, ಏಕೆಂದರೆ ತಿಂಗಳಿಗೊಮ್ಮೆ ಬರುವ ಕೆಲಸ ಒಂದು ಸುತ್ತಾದರೂ ಬಂದು ಹೋಗಬೇಕು.

ಟ್ರಯಲ್‌ಗೆ ಕಾರ್ಡು ಅಥವಾ ಯುಪಿಐ ಕೊಟ್ಟಿದ್ದರೆ ಒಂದು ಮಾತು. ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿದರೆ ಚಂದಾ ನಿಲ್ಲುವುದಿಲ್ಲ. ಪ್ಲೇ ಸ್ಟೋರಿನಲ್ಲಿ ನಿಮ್ಮ ಚಿತ್ರ ಒತ್ತಿ, ಪಾವತಿ ಮತ್ತು ಚಂದಾ ವಿಭಾಗಕ್ಕೆ ಹೋಗಿ ಅಲ್ಲಿಂದಲೇ ರದ್ದು ಮಾಡಬೇಕು. ಕಂಪನಿಯ ವೆಬ್‌ಸೈಟಿನಲ್ಲಿ ಚಂದಾ ಕಟ್ಟಿದ್ದರೆ ಅದು ಪ್ಲೇ ಸ್ಟೋರಿನಲ್ಲಿ ಕಾಣುವುದಿಲ್ಲ, ಆ ವೆಬ್‌ಸೈಟಿನಲ್ಲೇ ನೋಡಿ.