ಸಹಾಯ ಬೇಕು: ಇಂಪ್ಲಾಂಟ್ ಹಲ್ಲಿನ ಸುತ್ತ ರಕ್ತ, ಆದರೆ ನೋವಿಲ್ಲ

ಎಲ್ಲರಿಗೂ ನಮಸ್ಕಾರ. ಕೆಳದವಡೆಯ ಬಲಗಡೆ ಇಂಪ್ಲಾಂಟ್ ಹಾಕಿಸಿಕೊಂಡು 3 ವರ್ಷವಾಯಿತು. ಅದು ಕೃತಕ ಹಲ್ಲು ಎಂಬುದೇ ಮರೆತುಹೋಗಿತ್ತು. ಈಗ ಮೂರು ವಾರದಿಂದ ಹಲ್ಲುಜ್ಜಿ ಉಗಿದರೆ ನೊರೆಯಲ್ಲಿ ತೆಳ್ಳನೆಯ ಕೆಂಪು ಎಳೆ ಕಾಣುತ್ತಿದೆ. ಅಲ್ಲಿ ಮಾತ್ರ ಒಸಡು ಕೆಂಪಗೆ ಉಬ್ಬಿದೆ. ನೋವು ಎಳ್ಳಷ್ಟೂ ಇಲ್ಲ, ಹಲ್ಲು ಅಲುಗಾಡುತ್ತಲೂ ಇಲ್ಲ.

ಮೆದು ಬ್ರಷ್‌ಗೆ ಬದಲಾದೆ, ಹಲ್ಲಿನ ಸಂದಿಗೆ ಹಾಕುವ ಸಣ್ಣ ಬ್ರಷ್ಷನ್ನು ದಿನವೂ ಬಳಸುತ್ತಿದ್ದೇನೆ, ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸುತ್ತಿದ್ದೇನೆ. ರಕ್ತ ಕಡಿಮೆಯಾಗಿದೆಯೇ ಹೊರತು ನಿಂತಿಲ್ಲ. (ಆರು ತಿಂಗಳಿಗೊಮ್ಮೆ ತಪಾಸಣೆಗೆ ಬನ್ನಿ ಎಂದಿದ್ದರು, ಎರಡು ಸಲ ತಪ್ಪಿಸಿದೆ. ಬೈಯುವವರು ಬೈದುಬಿಡಿ.)

ಒಬ್ಬ ದಂತವೈದ್ಯರು ಎಕ್ಸ್‌ರೇ ತೆಗೆಯದೆಯೇ, "ಒಸಡಿನ ಉರಿಯೂತ ಅಷ್ಟೇ, ಸ್ವಚ್ಛ ಮಾಡಿದರೆ ಹೋಗುತ್ತದೆ" ಎಂದರು. ಇನ್ನೊಬ್ಬರು, ಉರಿಯೂತ ಮೂಳೆಗೆ ಇಳಿದಿದ್ದರೆ ನೋವಿಲ್ಲದೆಯೂ ಮೂಳೆ ಕರಗುತ್ತಿರಬಹುದು, ಕರಗಿದ್ದು ತಾನಾಗಿ ಮರಳುವುದಿಲ್ಲ ಎಂದರು. ಅಂದಿನಿಂದ ದಿನಕ್ಕೆ ಹತ್ತು ಸಲ ಕನ್ನಡಿಯ ಮುಂದೆ ಬಾಯಿ ತೆರೆದು ನಿಲ್ಲುವುದೇ ಆಗಿದೆ.

ಇದನ್ನು ಅನುಭವಿಸಿದವರು, ದಂತವೈದ್ಯರಿದ್ದರೆ ಅವರೂ, ದಯವಿಟ್ಟು ಹೇಳಿ: ಮೊದಲು ಸ್ವಚ್ಛ ಮಾಡಿಸಿ ಕಾದು ನೋಡಲೇ, ಅಥವಾ ಈಗಲೇ ಎಕ್ಸ್‌ರೇ ತೆಗೆದು ಹಳೆಯದರ ಜೊತೆ ಹೋಲಿಸಿ ಎಂದು ಪಟ್ಟುಹಿಡಿಯಲೇ?