ಏಳು ಕೇರಿಯ ಪಟ್ಟಣ ಕಟ್ಟಿದೆ, ಆಟಗಾರರು ಒಂದೇ ಕೇರಿಯಲ್ಲಿ ಕೂತಿದ್ದಾರೆ. ಎಂತ ಮಾಡುವುದು?

ಮುರಕಲ್ಲು_ಜಿಎಂ
ಮೂರು ವಾರದಿಂದ ತಲೆ ಕೆಟ್ಟು ಹೋಗಿದೆ. ಯಾರಾದರೂ ದಾರಿ ಹೇಳಿ. ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಹಾಕಿ ಆಡುವ ಡಂಜನ್ಸ್ ಅಂಡ್ ಡ್ರಾಗನ್ಸ್ ಆಟ ನಮ್ಮದು. ಜಿಎಂ, ಅಂದರೆ ಕಥೆ ನಡೆಸುವುದು, ನಾನು. ಆಟಕ್ಕೆ ನಾನೇ ಕಟ್ಟಿದ ಪಟ್ಟಣ, ಹೆಸರು ಸೆಲೆಪಟ್ಣ. ಒಂದು ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡ. ನಮ್ಮ ಕಾಸರಗೋಡಿನ ಬದಿಯಡ್ಕ ಕಡೆ ನೀರಿಗೆ ಅಂತ ತೋಟದ ಮೇಲ್ಬದಿಗೆ ಗುಡ್ಡದೊಳಗೆ ಅಡ್ಡ ಕೊರೆಯುತ್ತಾರಲ್ಲ, ಅಂಥ ಸುರಂಗ ಏಳು ಉಂಟು. ಒಂದೊಂದು ಸುರಂಗದ ಬಾಯಿಗೆ ಒಂದೊಂದು ಕೇರಿ, ಕೇರಿಗೊಂದು ಭಾಷೆ. ಹಗಲು ನೀರಿನ ಹತ್ತಿರ ಆಡಿದ ಮಾತನ್ನು ಆ ನೀರು ರಾತ್ರಿ ತಿರುಗಿ ಹೇಳುತ್ತದೆ. ಹಾಗಾಗಿ ಗುಟ್ಟು ಮಾತಾಡುವವರು ಗುಡ್ಡದ ನೆತ್ತಿಗೆ, ಒಣ ಬಂಡೆಯ ಮೇಲೆ ಹೋಗುತ್ತಾರೆ. ಈಗ ನಾಲ್ಕನೇ ಸುರಂಗ ಬತ್ತಿದೆ. ಕಥೆ ಅಲ್ಲಿಂದ ಶುರು.

ಆದರೆ ನನ್ನ ನಾಲ್ಕು ಜನ ಮೊದಲ ಕೇರಿಯ ಚಾದಂಗಡಿ ಬಿಟ್ಟು ಏಳುವುದೇ ಇಲ್ಲ. ಎರಡನೇ ಕೇರಿಯಲ್ಲಿ ಕೊಲೆ ಮಾಡಿಸಿದೆ, ಮೂರನೆಯದರಲ್ಲಿ ಜಾತ್ರೆ ಇಟ್ಟೆ, ಬರಲಿಲ್ಲ. ಐದು ತಿಂಗಳು ಕೂತು ಬರೆದ ಊರು ಇದು, ಬೇಜಾರಾಗುತ್ತದೆ.

ಚೌಕಮಣೆ
ಮ್ಯಾಪ್ ತೊಂದರೆ. ನೂರಕ್ಕೆ ನೂರು. ಇಡೀ ಪಟ್ಟಣವನ್ನು 5 ಅಡಿಯ ಚೌಕದಲ್ಲಿ ಬಿಡಿಸಿದ್ದೀರಾ? ಹಾಗಿದ್ದರೆ ಯಾರೂ ನಡೆಯುವುದಿಲ್ಲ. ಮಾಮೂಲಿ ನಡಿಗೆಗೆ ನಿಮಿಷಕ್ಕೆ 300 ಅಡಿ, ಅಂದರೆ 60 ಚೌಕ. ಬೀದಿಯ ಕೊನೆಗೆ ಹೋಗುವುದಕ್ಕೆ ಟೋಕನ್ ಎತ್ತಿ ಎತ್ತಿ ಇಡಬೇಕು. ಚೌಕ ಅಳಿಸಿ. ಕೇರಿಗೊಂದು ಚುಕ್ಕೆ, ನಡುವೆ ಒಂದು ಗೆರೆ, ಸಾಕು.

ಮುರಕಲ್ಲು_ಜಿಎಂ
ಇಲ್ಲ, ಚೌಕ ಜಗಳ ಇರುವ ಜಾಗಕ್ಕೆ ಮಾತ್ರ. ಊರಿನ ಮ್ಯಾಪ್‌ನಲ್ಲಿ 1 ಇಂಚಿಗೆ 100 ಅಡಿ.

ಚೌಕಮಣೆ
ಆದರೂ ಮ್ಯಾಪ್ ನೋಡದೆ ಹೇಳುವುದು ಕಷ್ಟ. ಫೋಟೋ ಹಾಕಿ. ಕೇರಿ ಕೇರಿಗೆ ಬಣ್ಣ ಬೇರೆ ಉಂಟಾ?

ಎರಡು_ದಾಳ
ಮ್ಯಾಪ್ ಬಿಡಿ. ಬೀದಿಯಲ್ಲಿ ಏನಾದರೂ ಎದುರಾಗುವುದಕ್ಕೆ ಟೇಬಲ್, ಅಂದರೆ ಯಾವ ಸಂಖ್ಯೆ ಬಿದ್ದರೆ ಎಂತ ಆಗುತ್ತದೆ ಅನ್ನುವ ಪಟ್ಟಿ, ಇಟ್ಟಿದ್ದೀರಾ? ಯಾವ ದಾಳ?

ಮುರಕಲ್ಲು_ಜಿಎಂ
ಡಿ20, ಇಪ್ಪತ್ತು ಮುಖದ ದಾಳ. ಬೀದಿಯ ಪ್ರತಿ ತಿರುವಿಗೆ ಒಂದು ರೋಲ್, 1 ಬಿದ್ದರೆ ಏನಾದರೂ ಆಗುತ್ತದೆ.

ಎರಡು_ದಾಳ
ಹಾಗಾದರೆ ನಾಲ್ಕು ತಿರುವು ದಾಟಿದರೂ ಏನಾದರೂ ಆಗುವ ಸಾಧ್ಯತೆ ಶೇಕಡಾ 19 ಸಹ ಇಲ್ಲ, ಲೆಕ್ಕ ಹಾಕಿ ನೋಡಿ. ಬೀದಿ ಖಾಲಿ ಅಂತ ಅನ್ನಿಸದೆ ಇರುತ್ತದಾ? ನಾನಾದರೆ ಪ್ರತಿ ಸಲ ಏನಾದರೂ ಎದುರಾಗಲೇಬೇಕು ಅಂತ ಇಡುತ್ತೇನೆ. ಆರು ಮುಖದ ಎರಡು ದಾಳ ಹಾಕಿ ಕೂಡಿಸಿ. 36ರಲ್ಲಿ 6 ಸಲ 7 ಬೀಳುತ್ತದೆ. 2 ಮತ್ತು 12 ಒಂದೊಂದೇ ಸಲ. 7ಕ್ಕೆ ಕೊಡ ಹೊತ್ತ ಹೆಂಗಸರು, ಅಡಕೆ ಒಣಗಿಸುವ ಅಂಗಳ, ಇಂಥ ದಿನನಿತ್ಯದ ವಿಷಯ ಬರೆಯಿರಿ. 2ಕ್ಕೂ 12ಕ್ಕೂ ನೀರು ಹಗಲಲ್ಲೇ ಮಾತಾಡಿದ ಹಾಗೆ ದೊಡ್ಡದು ಏನಾದರೂ ಇಡಿ. ಒಬ್ಬ ಡಿ20 ಭಕ್ತನಿಗೂ ಇದು ಒಪ್ಪಿಗೆ ಆಗುತ್ತದೆ.

ಹಾಳೆಟೊಪ್ಪಿ
ನನ್ನದು ಬೇರೆ ಪ್ರಶ್ನೆ. ಸುರಂಗದ ಒಳಗೆ ಜಗಳ ಹೇಗೆ ಆಡಿಸುತ್ತೀರಿ? ನಮ್ಮ ಮನೆ ಸುರಂಗದಲ್ಲಿ ನಾನು ಹೆಗಲು ಓರೆ ಮಾಡಿ ಹೋಗಬೇಕು. ಎರಡು ಅಡಿ ಅಗಲವೂ ಇಲ್ಲ. ಅಲ್ಲಿ ಕತ್ತಿ ಬೀಸುವುದು ಹೇಗೆ?

ಚೌಕಮಣೆ
ಆಟದ ಐದನೇ ಆವೃತ್ತಿಯ 2014ರ ಪುಸ್ತಕದಲ್ಲಿ ಅದಕ್ಕೆ ನಿಯಮ ಉಂಟು. ಇಕ್ಕಟ್ಟಿನಲ್ಲಿ ನುಸುಳಿದರೆ ಒಂದು ಅಡಿಗೆ ಇನ್ನೊಂದು ಅಡಿ ಜಾಸ್ತಿ ಖರ್ಚು. ಹೊಡೆಯುವಾಗ ಎರಡು ದಾಳ ಹಾಕಿ ಕಡಿಮೆ ಬಿದ್ದದ್ದು ತೆಗೆದುಕೊಳ್ಳಬೇಕು.

ಹಾಳೆಟೊಪ್ಪಿ
ಆ ನಿಯಮ ಒಂದು ಅಳತೆ ಸಣ್ಣ ಜೀವಿ ಹಿಡಿಸುವ ಜಾಗಕ್ಕೆ. ಆದರೆ ಅದೇ ಪುಸ್ತಕದಲ್ಲಿ ಸಣ್ಣ ಜೀವಿಗೂ 5 ಅಡಿ ಜಾಗ, ಮನುಷ್ಯನಂಥ ಮಧ್ಯಮ ಜೀವಿಗೂ 5 ಅಡಿ. ಎರಡು ಅಡಿ ಸುರಂಗಕ್ಕೆ ಮನುಷ್ಯ ಹೋಗಲಿಕ್ಕೇ ಆಗುವುದಿಲ್ಲ ಅಂತ ಆಯಿತು. ನಾನು ದಿನಾ ಹೋಗುತ್ತೇನೆ.

ಚೌಕಮಣೆ
ಪುಸ್ತಕದ ಪ್ರಕಾರ ಹಾಗೇ. ಬೇಕಾದರೆ ಸುರಂಗವನ್ನೇ ಅಗಲ ಮಾಡಿ, ಮರದ ಕಂಬ ಕೊಟ್ಟು 5 ಅಡಿ ಮಾಡಬಹುದು.

ಹಾಳೆಟೊಪ್ಪಿ
ಸುರಂಗಕ್ಕೆ ಕಂಬ ಯಾರು ಕೊಡುತ್ತಾರೆ ಮಾರಾಯ್ರೆ? ಮುರಕಲ್ಲು ಕಡಿಯುವಾಗ ಮೆತ್ತಗೆ, ಗಾಳಿ ತಾಗಿದ ಮೇಲೆ ಗಟ್ಟಿ. ಅದಕ್ಕೇ ಕಂಬ ಇಲ್ಲದೆ ನಿಲ್ಲುತ್ತದೆ. ನೆಲ ಹೊರಗಡೆಗೆ ಸ್ವಲ್ಪ ಇಳಿಜಾರು ಇದ್ದರೆ ಆಯಿತು, ಪಂಪು ಬೇಡ, ನೀರು ತಾನೇ ಹರಿದು ಬರುತ್ತದೆ. ಸರ್ವೆಗೆ ಬಂದಿದ್ದ ಬುಕಾನನ್ 1807ರಲ್ಲಿ ಈ ಕಲ್ಲಿಗೆ ಲ್ಯಾಟರೈಟ್ ಅಂತ ಇಂಗ್ಲಿಷ್ ಹೆಸರು ಇಟ್ಟದ್ದೇ ಲ್ಯಾಟಿನ್‌ನ ಇಟ್ಟಿಗೆ ಅನ್ನುವ ಶಬ್ದದಿಂದ. ಅಗಲ ಮಾಡಿದರೆ ಸುರಂಗದ ಭಯವೇ ಹೋಯಿತು. ಒಬ್ಬರ ಹಿಂದೆ ಒಬ್ಬರು ಹೋಗಬೇಕು. ಮುಂದಿನವನ ಬೆನ್ನು ಬಿಟ್ಟರೆ ಬೇರೆ ಏನೂ ಕಾಣಬಾರದು.

ಮುರಕಲ್ಲು_ಜಿಎಂ
ಇದೆಲ್ಲ ಒಳ್ಳೆ ವಿಷಯ. ಆದರೆ ಅವರು ಸುರಂಗದವರೆಗೆ ಬಂದರೆ ತಾನೇ? ಕಳೆದ ಭಾನುವಾರ ಒಬ್ಬ ಎದ್ದ, ಎರಡನೇ ಕೇರಿಗೆ ಹೋದ, ಐದು ನಿಮಿಷದಲ್ಲಿ ವಾಪಸ್ ಬಂದ.

ಪೆರ್ಲದವಳು
ಯಾಕೆ ವಾಪಸ್ ಬಂದ? ಅಲ್ಲಿ ಎಂತ ಆಯಿತು ಅಂತ ಸರಿಯಾಗಿ ಬರೆಯಿರಿ. ಕೇರಿಗೊಂದು ಭಾಷೆ ಅಂದಿರಲ್ಲ, ಅದಕ್ಕೆ ನಿಯಮ ಎಂತ ಇಟ್ಟಿದ್ದೀರಿ?

ಮುರಕಲ್ಲು_ಜಿಎಂ
ಅದು ಮಾಮೂಲಿ ಅಲ್ವಾ, ಹಾಗಾಗಿ ಬರೆಯಲಿಲ್ಲ. ಎಲ್ಲರಿಗೂ ಗೊತ್ತಿರುವ ಕಾಮನ್ ಭಾಷೆ ತೆಗೆದು ಹಾಕಿದ್ದೇನೆ. ಏಳು ಭಾಷೆ ನಿಜವಾಗಿ ಬೇರೆ ಅನ್ನಿಸಬೇಕಲ್ಲ. ಆ ಕೇರಿಯ ಭಾಷೆ ಕ್ಯಾರೆಕ್ಟರಿಗೆ ಗೊತ್ತಿಲ್ಲದಿದ್ದರೆ ಡಿ20ಯಲ್ಲಿ 15 ಅಥವಾ ಮೇಲೆ ಬೀಳಬೇಕು. ಬೀಳದಿದ್ದರೆ ಎದುರಿನವರು ಹೇಳಿದ್ದು ಅರ್ಥ ಆಗುವುದಿಲ್ಲ. ಅವನು ಮೂರು ಸಲ ಹಾಕಿದ, ಬೀಳಲಿಲ್ಲ. ಮೊದಲ ಕೇರಿಯ ಭಾಷೆ ನಾಲ್ವರಿಗೂ ಬರುತ್ತದೆ.

ಪೆರ್ಲದವಳು
ಸಿಕ್ಕಿತು ನೋಡಿ. ಹತ್ತರಲ್ಲಿ ಏಳು ಸಲ ಬಾಗಿಲು ಮುಚ್ಚುವ ಊರಿನಲ್ಲಿ ಯಾರು ತಿರುಗುತ್ತಾರೆ? ನಾನೂ ಚಾದಂಗಡಿಯಲ್ಲೇ ಕೂರುತ್ತೇನೆ.

ನೀವು ಬದಿಯಡ್ಕದವರು. ನಮ್ಮ ಜಿಲ್ಲೆಯನ್ನು ಸಪ್ತಭಾಷಾ ಸಂಗಮ ಭೂಮಿ ಅಂತ ಕರೆಯುತ್ತಾರೆ. ಇಲ್ಲಿ ಯಾವತ್ತಾದರೂ ಭಾಷೆ ಬರುವುದಿಲ್ಲ ಅಂತ ಯಾರಾದರೂ ಮೀನು ತೆಗೆದುಕೊಳ್ಳದೆ ಮನೆಗೆ ಹೋದದ್ದು ಉಂಟಾ? ಸಣ್ಣವಳಿದ್ದಾಗ ಅಮ್ಮನ ಜೊತೆ ಕುಂಬಳೆ ಪೇಟೆಗೆ ಹೋಗುತ್ತಿದ್ದೆ. ಮೀನಿನ ಹೆಂಗಸು ಮಲಯಾಳದಲ್ಲಿ "ನೂಟ್ಟಂಬದ್" (ನೂರೈವತ್ತು) ಅನ್ನುತ್ತಿದ್ದರು. ಅಮ್ಮ ತುಳುವಿನಲ್ಲಿ "ಒಂತೆ ಕಮ್ಮಿ ಮಲ್ಪುಲೆ" (ಸ್ವಲ್ಪ ಕಡಿಮೆ ಮಾಡಿ) ಅನ್ನುತ್ತಿದ್ದರು. ಕೊನೆಗೆ ಅವರೇ ಕನ್ನಡದಲ್ಲಿ "ಚಿಲ್ಲರೆ ಇಲ್ಲ, ನಾಳೆ ಕೊಡಿ" ಅಂತ ಬಂಗುಡೆಯನ್ನು ಎಲೆಗೆ ಸುತ್ತಿ ಕೊಡುತ್ತಿದ್ದರು. ಆದರೆ ಅಮ್ಮ ಒಂದು ದಿನ ಅವರ ಹತ್ತಿರ ಮಲಯಾಳದಲ್ಲೇ ಮಗಳ ಮದುವೆ ವಿಷಯ ಕೇಳಿದರು ನೋಡಿ, ಆ ಹೆಂಗಸು ಬುಟ್ಟಿ ಪಕ್ಕಕ್ಕಿಟ್ಟು ಅರ್ಧ ಗಂಟೆ ಮಾತಾಡಿದರು.

ಇದನ್ನೇ ನಿಯಮ ಮಾಡಿ. ದಾರಿ ಕೇಳುವುದಕ್ಕೆ, ಸಾಮಾನು ಕೊಳ್ಳುವುದಕ್ಕೆ ರೋಲ್ ಬೇಡವೇ ಬೇಡ, ಹರಕು ಮುರುಕು ಎಲ್ಲರಿಗೂ ಬರುತ್ತದೆ. ಭಾಷೆ ಸ್ವಲ್ಪ ಬಂದರೆ ಜಗಲಿಯಲ್ಲಿ ಕೂರಿಸುತ್ತಾರೆ. ಚೆನ್ನಾಗಿ ಬಂದರೆ ಅಡುಗೆಮನೆವರೆಗೆ. ಗುಟ್ಟುಗಳೆಲ್ಲ ಅಡುಗೆಮನೆಯಲ್ಲಿ ಇಡಿ.

ಇನ್ನೊಂದು. ನಿಮ್ಮ ನೀರು ಮಾತನ್ನು ತಿರುಗಿ ಹೇಳುತ್ತದಲ್ಲ, ಯಾವ ಭಾಷೆಯಲ್ಲಿ? ಆಡಿದ ಭಾಷೆಯಲ್ಲೇ ತಾನೇ? ಹಾಗಾದರೆ ಮೊದಲ ಕೇರಿಯ ನೀರು ಒಂದು ರಾತ್ರಿ ಯಾರಿಗೂ ಬರದ ಭಾಷೆಯಲ್ಲಿ ಒಂದು ಸಾಲು ಹೇಳಲಿ. ನಾಲ್ವರೂ ಅದನ್ನು ಬಾಯಿಪಾಠ ಮಾಡಿಕೊಂಡು ಕೇರಿಯಿಂದ ಕೇರಿಗೆ ಅರ್ಥ ಕೇಳುತ್ತಾ ಹೋಗಲೇಬೇಕು.

ಎರಡು_ದಾಳ
ಇದು ಚೆನ್ನಾಗಿದೆ. ನನ್ನ ಟೇಬಲ್‌ನ 12ಕ್ಕೆ ಇದನ್ನೇ ಇಡಬಹುದು.

ಪೆರ್ಲದವಳು
12ಕ್ಕೆ ಬೇಡ. ದಾಳಕ್ಕೆ ಬಿಡಬೇಡಿ, ಮೊದಲ ರಾತ್ರಿಯೇ ಆಗಲಿ.

ಚೌಕಮಣೆ
ಒಪ್ಪುತ್ತೇನೆ, ಆದರೂ ಮ್ಯಾಪ್ ಒಮ್ಮೆ ನೋಡಬೇಕಿತ್ತು. ನಾನು ಹಳೆಯ 32 ಇಂಚಿನ ಟಿವಿಗೆ ಹಲಸಿನ ಮರದ ಚೌಕಟ್ಟು ಮಾಡಿಸಿ ಮೇಜಿನ ಮೇಲೆ ಮಲಗಿಸಿದ್ದೇನೆ. ಮೇಲೆ ಅಕ್ರಿಲಿಕ್ ಹಾಳೆ. ಆಟಗಾರರು ನೋಡದ ಜಾಗವನ್ನು ಕಪ್ಪು ಮಾಡಿಟ್ಟು, ಹೋದ ಹಾಗೆ ತೆರೆಯುವುದು. ಕತ್ತಲೆಯಿಂದ ಬೀದಿ ಒಂದೊಂದೇ ಹೊರಗೆ ಬರುವಾಗ ಎಲ್ಲರೂ ಮುಂದೆ ಬಾಗುತ್ತಾರೆ.

ಹಾಳೆಟೊಪ್ಪಿ
ಕರೆಂಟು ಹೋದರೆ? ನಮ್ಮಲ್ಲಿ ಮಳೆಗಾಲದಲ್ಲಿ ಟಿವಿ ನಂಬಿ ಆಡುವಂತಿಲ್ಲ. ನಾನು ಗುಡ್ಡವನ್ನೇ ಮಾಡಿದ್ದೇನೆ. ಥರ್ಮೋಕೋಲ್ ಕೊರೆದು, ಕೆಮ್ಮಣ್ಣು ಜರಡಿ ಹಿಡಿದು ಅಂಟಿನಲ್ಲಿ ಕಲಸಿ ಬಳಿದೆ. ಬಣ್ಣ ಬೇಡವೇ ಬೇಡ, ಸಾಕ್ಷಾತ್ ಮುರಕಲ್ಲು. ಜಿಎಂ ಎದುರಿನ ಮರೆ ಅಡಕೆ ಹಾಳೆಯದ್ದು, ಮೂರು ಹಾಳೆ ಸೇರಿಸಿ ಹೊಲಿದದ್ದು. ಹಿಂಬದಿಗೆ ನಿಯಮದ ಚೀಟಿ ಚುಚ್ಚುತ್ತೇನೆ.

ಮುರಕಲ್ಲು_ಜಿಎಂ
ಇವತ್ತು ಆಡಿದೆವು, ಈಗ ತಾನೇ ಎಲ್ಲರೂ ಹೋದರು. 15ರ ನಿಯಮ ಕಿತ್ತು ಹಾಕಿದೆ. ನೀರಿನ ಸಾಲು ಹೇಳಿದೆ. ಒಬ್ಬಳು ಅದನ್ನು ಚೀಟಿಯಲ್ಲಿ ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಮೂರು ಕೇರಿ ಅಲೆದಳು. ಎಲ್ಲರೂ ಅದು ಕೊಲೆಯ ಬೆದರಿಕೆ ಅಂತಲೇ ತಿಳಿದಿದ್ದರು. ಐದನೇ ಕೇರಿಯ ಅಡುಗೆಮನೆಯಲ್ಲಿ ಒಬ್ಬ ಅಜ್ಜಿ ಅದನ್ನು ಕೇಳಿ ರುಬ್ಬುವ ಕೈ ನಿಲ್ಲಿಸಿ, ಮುಂದಿನ ಸಾಲು ಹಾಡಿದರು. ಜೋಗುಳ. ಬತ್ತಿದ ಸುರಂಗದ ಒಳಗೆ ಯಾರೋ ಮಗು ಮಲಗಿಸುತ್ತಿದ್ದಾರೆ. ಮೇಜಿನ ಸುತ್ತ ಒಬ್ಬರೂ ಮಾತಾಡಲಿಲ್ಲ. ಮುಂದಿನ ವಾರ ಸುರಂಗಕ್ಕೆ ಹೋಗುತ್ತಾರಂತೆ, ಎರಡು ಅಡಿಯನ್ನೇ ಇಡುತ್ತೇನೆ.

ಪೆರ್ಲದವರೇ, ತುಂಬಾ ತುಂಬಾ ಥ್ಯಾಂಕ್ಸ್. ಹಾಳೆಟೊಪ್ಪಿಯವರೇ, ಆ ಮರೆ ನನಗೂ ಮಾಡಬೇಕು. ನನ್ನದು ಒಣಗುವಾಗ ಸುರುಳಿ ಸುತ್ತುತ್ತದೆ, ಎಂತ ಮಾಡುವುದು?

ಹಾಳೆಟೊಪ್ಪಿ
ಒಣಗಿದ ಮೇಲೆ ಬಗ್ಗಿಸಲು ಹೋಗಬೇಡಿ, ಸೀಳುತ್ತದೆ. ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಚಪ್ಪಟೆ ಮಾಡಿ, ಮೇಲೆ ಹಲಗೆ ಇಟ್ಟು ಎರಡು ಮುರಕಲ್ಲು ಹೇರಿ. ನೆರಳಲ್ಲೇ ಒಣಗಲಿ.