350 ಮಿಲಿಯನ್ ಪೌಂಡ್ ಮತ್ತು ಒಂದು ತಾಮ್ರದ ಹಂಡೆ

ನಮ್ಮ ಮನೆತನದ ವಾಟ್ಸಾಪ್ ಗುಂಪಿನ ಹೆಸರು 'ಮಾಳಮಡ್ಡಿ ಮನೆ'. ಧಾರವಾಡದ ಆ ಮನೆ ಈಗ ಒಂದಲ್ಲ, ಎರಡು. 1998ರಲ್ಲಿ ಪಾಲಾಗಿ ನಡುವೆ ಗೋಡೆ ಬಂತು. ಗುಂಪಿನ ಡಿಪಿಯಲ್ಲಿ ಮಾತ್ರ ಗೋಡೆ ಇಲ್ಲದ ಹಳೇ ಫೋಟೋ ಇದೆ. ನಾನು ಅಡ್ಮಿನ್. ಅಡ್ಮಿನ್ ಅಂದರೆ ಅಧಿಕಾರ ಏನಿಲ್ಲ. ಜಗಳ ಆದಾಗ ಎರಡೂ ಕಡೆಯವರು ಬೇರೆ ಬೇರೆ ಫೋನ್ ಮಾಡಿ ಬೈಯಲು ಒಬ್ಬ ಬೇಕಲ್ವಾ, ಅವನು.

ಶ್ರಾವಣದ ಒಂದು ಭಾನುವಾರ. ಎಲ್ಲರೂ ಉಂಡು ಅಡ್ಡಾಗುವ ಹೊತ್ತಿಗೆ ಕಾಕಾ ಒಂದು ಫಾರ್ವರ್ಡ್ ಹಾಕಿದರು. ಅವರ ಮೊಮ್ಮಗಳಿಗೆ ಇಂಗ್ಲೆಂಡಿನಲ್ಲಿ ಓದಲು ಸೀಟು ಸಿಕ್ಕಿದೆ. ಅವತ್ತಿನಿಂದ ಆ ದೇಶದ ಬಗ್ಗೆ ಒಳ್ಳೆಯದು ಏನು ಬಂದರೂ ಅದು ನಮಗೂ ಬರುತ್ತದೆ. ಮೇಲೆ ಎರಡು ಬಾಣದ ಗುರುತು, ಬ್ರಿಟನ್ ಬಾವುಟ, ಆರು ಸಲ ಮುಗಿದ ಕೈ. ವಿಷಯ ಇಷ್ಟು: ಬ್ರಿಟನ್ ಯುರೋಪಿನ ಒಕ್ಕೂಟ ಬಿಟ್ಟು ವಾರಕ್ಕೆ 350 ಮಿಲಿಯನ್ ಪೌಂಡ್ ಉಳಿಸುತ್ತಿದೆ. ಬಾಳೆಹಣ್ಣು ಎಷ್ಟು ಬಾಗಿರಬೇಕು ಅಂತ ಹೇಳಲು ಅವರ ತಲೆ ಮೇಲೆ ಈಗ ಯಾರೂ ಇಲ್ಲ. ವೀಸಾಕ್ಕೆ ಪೋಲೆಂಡಿನವರಿಗೂ ಭಾರತದವರಿಗೂ ಈಗ ಒಂದೇ ಕ್ಯೂ. ಕೊನೆಗೆ ದಪ್ಪಕ್ಷರದಲ್ಲಿ, 'ಕೂಡಿದ್ದು ಕೊಳೆಯುವುದಕ್ಕಿಂತ ಬೇರೆಯಾಗಿ ಬದುಕುವುದು ಮೇಲು. ಹತ್ತು ಜನರಿಗೆ ಕಳಿಸಿ.'

ಇದನ್ನು ಪೂರ್ತಿ ಓದಿದವರು ನಮ್ಮಲ್ಲಿ ಇಬ್ಬರೇ ಎಂದು ಆಮೇಲೆ ಗೊತ್ತಾಯಿತು. ಕಾಕಾ ಆ ಇಬ್ಬರಲ್ಲಿ ಇರಲಿಲ್ಲ. ನಾನೂ ಇರಲಿಲ್ಲ.

ಮೊದಲು ಎದ್ದವನು ಅವರ ಮಗನೇ. ಪುಣೆಯಲ್ಲಿ ಲೆಕ್ಕ ಪರಿಶೋಧನೆ ಮಾಡುತ್ತಾನೆ. ಮದುವೆ ಆಮಂತ್ರಣ ಬಂದರೂ ಎರಡು ಸಲ ಕೂಡಿಸಿ ನೋಡುವ ಹುಡುಗ.

ಪುಣೆ ತಮ್ಮ: ಅಪ್ಪಾ, ಇದಕ್ಕೆ ಸೋರ್ಸ್ ಏನು?

ಕಾಕಾ: ವಾಕಿಂಗ್ ಗ್ರೂಪಿನಲ್ಲಿ ಬಂತು. ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿದ್ದವರು ಕಳಿಸಿದ್ದು.

ಪುಣೆ ತಮ್ಮ: ಅದು ಸೋರ್ಸ್ ಅಲ್ಲ ಅಪ್ಪಾ, ಅದು ವಾಕಿಂಗ್.

ಆಮೇಲೆ ಅವನು ಉದ್ದಕ್ಕೆ ಬರೆದ. 350 ಮಿಲಿಯನ್ ಅನ್ನೋದು 2016ರಲ್ಲಿ ಒಕ್ಕೂಟ ಬಿಡಬೇಕು ಅನ್ನುವವರು ಪ್ರಚಾರದ ಕೆಂಪು ಬಸ್ಸಿನ ಮೇಲೆ ಬರೆದಿದ್ದ ಅಂಕಿ. ಒಕ್ಕೂಟಕ್ಕೆ ಕಟ್ಟುವ ಹಣದಲ್ಲಿ 1984ರಲ್ಲಿ ಆಗಿನ ಪ್ರಧಾನಿ ಥ್ಯಾಚರ್ ಜಗಳ ಮಾಡಿ ಪಡೆದ ರಿಯಾಯಿತಿಯನ್ನು ಅದರಲ್ಲಿ ಕಳೆದೇ ಇಲ್ಲ. ಅಲ್ಲಿನ ರೈತರಿಗೆ ಒಕ್ಕೂಟದಿಂದ ವಾಪಸ್ ಬರುತ್ತಿದ್ದ ಹಣವೂ ಲೆಕ್ಕಕ್ಕಿಲ್ಲ. ಅಂಕಿಅಂಶಗಳ ಮೇಲೆ ಕಣ್ಣಿಡುವ ಅವರದೇ ಸಂಸ್ಥೆ ಇದು ದುರ್ಬಳಕೆ ಅಂತ ಹೇಳಿತ್ತು. ಬಾಳೆಹಣ್ಣು 'ವಿಕಾರವಾಗಿ ಬಾಗಿರಬಾರದು' ಅಂತ 1994ರಲ್ಲಿ ನಿಯಮ ಬಂದದ್ದು ನಿಜ. ಆದರೆ ಬಿಡುವಾಗ ಬ್ರಿಟನ್ ಒಕ್ಕೂಟದ ನಿಯಮಗಳಲ್ಲಿ ಬಹುಪಾಲನ್ನು ತನ್ನ ಕಾನೂನಿಗೇ ನಕಲು ಮಾಡಿಕೊಂಡಿತು. ವಲಸೆ ತಗ್ಗಿಸುತ್ತೇವೆ ಅಂತ ಬಿಟ್ಟರು, 2023ರ ಜೂನ್‌ಗೆ ಮುಗಿದ ಒಂದು ವರ್ಷದಲ್ಲಿ ನಿವ್ವಳ ವಲಸೆ 9 ಲಕ್ಷ ದಾಟಿತು. ಪಾಸ್‌ಪೋರ್ಟನ್ನು ಹಳೇ ನೀಲಿ ಬಣ್ಣಕ್ಕೆ ತಂದರು, ಅದನ್ನು ಮಾಡಿಕೊಡುವ ಗುತ್ತಿಗೆ ಸಿಕ್ಕಿದ್ದು ಫ್ರೆಂಚ್-ಡಚ್ ಕಂಪನಿಗೆ.

ಕಾಕಾ: ಓದಿಸಿದ್ದು ನಾನೇ, ಗೊತ್ತಿರಲಿ.

ಅಲ್ಲಿಗೆ ಅಂಕಿ ಸಂಖ್ಯೆ ಮುಗಿಯಿತು. ನಡುವೆ ಕಾಕು ಬಂದರು.

ಕಾಕು: ರಿಷಿ ಸುನಕ್ ಕೂಡ ಬಿಡಬೇಕು ಅಂತಲೇ ಹೇಳಿದ್ದರು. ನಮ್ಮ ಹುಬ್ಬಳ್ಳಿ ಅಳಿಯ. ಸುಮ್ನೆ ಹೇಳ್ತಾರಾ?

ಬೆಳಗಾವಿ ಅಣ್ಣ: ಕಾಕು, ಅಳಿಯ ಅಂದ ಮೇಲೆ ಬೇರೆ ಮನೆ ಮಾಡೋಣ ಅಂತಲೇ ಅಲ್ವಾ ಹೇಳೋದು.

ಇದಕ್ಕೆ ಹನ್ನೊಂದು ನಗು ಬಿದ್ದವು. ನಗದೆ ಇದ್ದವರು ಒಬ್ಬರೇ. ನಮ್ಮ ಅಪ್ಪ.

ಅಪ್ಪ ಹೈಸ್ಕೂಲು ಮಾಸ್ತರರಾಗಿ ನಿವೃತ್ತರಾದವರು. ವಾಟ್ಸಾಪಿನಲ್ಲೂ ಪತ್ರದ ಹಾಗೆ ಬರೆಯುತ್ತಾರೆ, ಕೆಳಗೆ ಊರ ಹೆಸರು ಹಾಕಿ. ಅವರು ಫಾರ್ವರ್ಡಿನಲ್ಲಿ ಓದಿದ್ದು ಕೊನೆಯ ದಪ್ಪಕ್ಷರದ ಸಾಲು ಮಾತ್ರ. ಬ್ರಿಟನ್ ಅವರಿಗೆ ಬರೀ ನೆಪವೋ ಏನೋ, ನನಗೆ ಇವತ್ತಿಗೂ ಅನುಮಾನ.

ಅಪ್ಪ: ಕೂಡಿದ್ದು ಕೊಳೆಯುತ್ತದೆ ಎಂದು ಬರೆದವರು ಕೂಡಿ ಬಾಳಿ ನೋಡಿದವರಲ್ಲ. ಬ್ರಿಟನ್ನಿನವರು 1973ರಲ್ಲಿ ತಾವಾಗಿಯೇ ಒಕ್ಕೂಟದ ಒಳಗೆ ಬಂದವರು. 1975ರಲ್ಲಿ ವೋಟಿಗೆ ಹಾಕಿ ಮತ್ತೆ ಕೇಳಿದಾಗಲೂ ಇರೋಣ ಎಂದವರು. ತಾಯಿ ಬದುಕಿರುವಾಗಲೇ ಪಾಲು ಕೇಳುವವರಿಗೆ ಏನು ಹೇಳುವುದು. ಧಾರವಾಡ.

ಒಕ್ಕೂಟಕ್ಕೆ ತಾಯಿ ಎಲ್ಲಿಂದ ಬಂದಳು ಅಂತ ಯಾರೂ ಕೇಳಲಿಲ್ಲ. 1998ರಲ್ಲಿ ಅಜ್ಜಿ ಬದುಕಿದ್ದಳು. ಪಾಲು ಕೇಳಿದ್ದು ಕಾಕಾ.

ಕಾಕಾ: ಅಣ್ಣಾ, ನಾನು ಬ್ರಿಟನ್ ವಿಷಯ ಹಾಕಿದ್ದು.

ಅಪ್ಪ: ನಾನೂ ಬ್ರಿಟನ್ ವಿಷಯವೇ ಬರೆದದ್ದು. ಧಾರವಾಡ.

ಪುಣೆ ತಮ್ಮ ಸಮಾಧಾನ ಮಾಡಲು ಹೋದ. ಹೋಗಬಾರದಿತ್ತು. ಅಲ್ಲಿ ಯಾರೋ ಒಬ್ಬರು ಬಿಟ್ಟದ್ದಲ್ಲ, 2016ರ ಜೂನ್ 23ರಂದು ವೋಟು ಆಗಿ 51.9ಕ್ಕೆ 48.1 ಬಂತು, ಸ್ಕಾಟ್ಲೆಂಡಿನಲ್ಲಿ 62 ಪರ್ಸೆಂಟ್ ಜನ ಇರೋಣ ಅಂದರೂ ಒಟ್ಟು ಲೆಕ್ಕದಲ್ಲಿ ಅವರೂ ಹೊರಗೆ ಬರಬೇಕಾಯಿತು ಎಂದ.

ಕಾಕಾ: ನೋಡಿದಿರಾ? ನಮ್ಮಲ್ಲೂ ಮೂರರಲ್ಲಿ ಇಬ್ಬರು ಪಾಲಾಗಲಿ ಅಂದಿದ್ದರು. ದೊಡ್ಡಣ್ಣನೂ ಹೂಂ ಅಂದಿದ್ದ.

ಬೆಳಗಾವಿ ಅಣ್ಣ: ಕಾಕಾ, ನಮ್ಮ ಅಪ್ಪನ ಹೆಸರು ಬೇಡ. ಅವರು ರೊಕ್ಕ ತಗೊಂಡು ಸುಮ್ಮನೆ ಬೆಳಗಾವಿಗೆ ಬಂದವರು. ಸ್ಕಾಟ್ಲೆಂಡ್ ಅಂತ ಬರೆದುಕೊಳ್ಳಿ.

ಪುಣೆ ತಮ್ಮ: ಬ್ರಿಟನ್ನಿಗಿಂತ ಮೊದಲು ಬಿಟ್ಟು ಹೋದದ್ದು ಗ್ರೀನ್‌ಲ್ಯಾಂಡ್. 1985ರಲ್ಲಿ. ಮುಖ್ಯವಾಗಿ ಮೀನಿನ ಜಗಳಕ್ಕೆ.

ಅಪ್ಪ: ಶ್ರಾವಣ ನಡೆದಿದೆ. ಈ ಗುಂಪಿನಲ್ಲಿ ಮೀನಿನ ವಿಷಯ ಬೇಡ. ಧಾರವಾಡ.

ಬೆಳಗಾವಿ ಅಣ್ಣನಿಗೆ ಜಗಳ ಆಗಿಬರುವುದಿಲ್ಲ. ಮಾತು ಬಿಗಿಯಾದ ಕೂಡಲೇ ಅವನು ಹಿಂದಕ್ಕೆ ಓಡುತ್ತಾನೆ, ಕನಿಷ್ಠ ಮೂವತ್ತು ವರ್ಷ. ಬಾಳೆಹಣ್ಣು ಬಿಡಿ, 2014ರ ಮೇ 1ರಿಂದ ಯುರೋಪಿನವರು ನಮ್ಮ ಮಾವಿನಹಣ್ಣೇ ಬೇಡ ಅಂದಿದ್ದರು, ನೆನಪಿದೆಯಾ ಎಂದು ಶುರು ಮಾಡಿದ. ಹಣ್ಣಿನ ನೊಣ ಸಿಕ್ಕಿತು ಅಂತ ಮಾವಿನ ಜೊತೆಗೆ ಬದನೆಕಾಯಿ, ಹಾಗಲಕಾಯಿ, ಪಡವಲಕಾಯಿ, ಕೆಸುವಿನ ಎಲೆಗೂ ಬಾಗಿಲು ಹಾಕಿದ್ದರು. ಮಾವಿಗೆ ಬಾಗಿಲು ತೆರೆದದ್ದು 2015ರಲ್ಲಿ. ಇಷ್ಟು ಸರಿಯಾಗಿಯೇ ಹೇಳಿದ. ಅಲ್ಲಿಂದ ನೇರ ನಮ್ಮ ಹಿತ್ತಲಿಗೆ ಬಂದ.

ಬೆಳಗಾವಿ ಅಣ್ಣ: ಹಿತ್ತಲಿನ ಆಪೂಸ್ ನೆನಪಿದೆಯಾ? ಅಜ್ಜ ಅಟ್ಟದ ಮೇಲೆ ಹುಲ್ಲಿನಲ್ಲಿ ಹಣ್ಣಿಗೆ ಹಾಕುತ್ತಿದ್ದ. ನಾವು ರಾತ್ರಿ ವಾಸನೆ ಹಿಡಿದು ಹತ್ತುತ್ತಿದ್ದೆವು. ಅಜ್ಜಿ ಸೀಕರಣಿ ಮಾಡಿದರೆ ಪಾತ್ರೆ ನೆಕ್ಕಲು ಪಾಳಿ ಇತ್ತು.

ಮುಂದಿನ ಅರ್ಧ ಗಂಟೆ ಸುಖವಾಗಿ ಹೋಯಿತು. ಯಾರು ಅಟ್ಟದಿಂದ ಬಿದ್ದರು, ಯಾರ ಹಲ್ಲು ಮುರಿಯಿತು. ಹಳೇ ಫೋಟೋ ಮೂರು ಬಂದವು. ಕಾಕು ಏಲಕ್ಕಿ ಎಷ್ಟು ಹಾಕಬೇಕು ಅಂತ ಬರೆದರು. ಅಲ್ಲೇ ನಿಲ್ಲಿಸಿದ್ದರೆ ಆಗಿತ್ತು.

ಅಪ್ಪ: ಆ ಮರ ಈಗ ಯಾರ ಪಾಲಿನಲ್ಲಿದೆ ಎಂದೂ ಬರೆಯಿರಿ. ಧಾರವಾಡ.

ಮರ ಕಾಕಾನ ಪಾಲಿಗೆ ಬಂದದ್ದು. ಅರ್ಧ ಕೊಂಬೆ ಗೋಡೆ ದಾಟಿ ನಮ್ಮ ಕಡೆ ಬಾಗಿದೆ. ನಮ್ಮ ಅಂಗಳಕ್ಕೆ ಬಿದ್ದ ಹಣ್ಣನ್ನು ಅಪ್ಪ ಇಷ್ಟು ವರ್ಷ ಮುಟ್ಟಿಲ್ಲ. ಆರಿಸಿ, ಬುಟ್ಟಿಗೆ ಹಾಕಿ, ಗೋಡೆಯ ಮೇಲೆ ಇಡುತ್ತಾರೆ. ಕಾಕಾ ಆ ಬುಟ್ಟಿಯನ್ನು ಮುಟ್ಟುವುದಿಲ್ಲ. ಮಂಗಗಳು ತಿನ್ನುತ್ತವೆ. ನಮ್ಮ ಎರಡೂ ಮನೆಯ ಒಪ್ಪಂದದಿಂದ ಲಾಭ ಆದದ್ದು ಅವಕ್ಕೆ ಮಾತ್ರ.

ಬಾವಿಯ ಕಥೆಯೂ ಬಂತು. ಪಾಲಿನ ಗೆರೆ ಸರಿಯಾಗಿ ಬಾವಿಯ ನಡುವೆ ಹೋಯಿತು. ಗೋಡೆಯನ್ನು ಬಾವಿಯ ಮೇಲೇ ಕಮಾನಿನ ಹಾಗೆ ದಾಟಿಸಿದರು. ಆ ಕಡೆ ಒಂದು ರಾಟೆ, ಈ ಕಡೆ ಒಂದು. ಪುಣೆ ತಮ್ಮನಿಗೆ ಇದು ಬಲು ಖುಷಿ. ಒಕ್ಕೂಟದಲ್ಲೇ ಇರುವ ಐರ್ಲೆಂಡಿಗೂ ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿಗೂ ನಡುವಿನ ಗಡಿಯೂ ಹೀಗೇ ಎಂದ. ಅದೇ 1998ರ ಶಾಂತಿ ಒಪ್ಪಂದ ಆದ ಮೇಲೆ ಅಲ್ಲಿ ಗಡಿ ಇದ್ದೂ ಇಲ್ಲದ ಹಾಗೆ ಇತ್ತು. ಬ್ರಿಟನ್ ಬಿಟ್ಟರೆ ಅಲ್ಲಿ ಗೋಡೆ ಕಟ್ಟಬೇಕು, ಕಟ್ಟಿದರೆ ಶಾಂತಿ ಕೆಡುತ್ತದೆ. ಕೊನೆಗೆ ತಪಾಸಣೆಯನ್ನು ಸಮುದ್ರಕ್ಕೆ ತಳ್ಳಿದರು. ಈಗ ಬ್ರಿಟನ್ನಿನ ಸರಕು ತನ್ನದೇ ಉತ್ತರ ಐರ್ಲೆಂಡಿಗೆ ಹೋಗಲು ಕಾಗದ ಪತ್ರ ಬೇಕು. ವೋಟು ಆಗಿ ಹೊರಗೆ ಬರಲು 2020ರ ಜನವರಿ 31ರವರೆಗೆ ಹಿಡಿಯಿತು, ಬಾಕಿ ಲೆಕ್ಕ ಚುಕ್ತಾ ಮಾಡಲು 35ರಿಂದ 39 ಬಿಲಿಯನ್ ಪೌಂಡ್ ಅಂತ ಅಂದಾಜಾಗಿತ್ತು.

ಅಪ್ಪ: ನೋಡಿ, ಅವರು ಬಾಕಿ ಕಟ್ಟಿ ಹೋಗಲು ಒಪ್ಪಿದರು. ಧಾರವಾಡ.

ಈ ಒಂದು ಸಾಲು ಸಾಕಾಯಿತು.

ಕಾಕಾ: ಯಾರದು ಬಾಕಿ? ಅಜ್ಜಿಯ ತಾಮ್ರದ ಹಂಡೆ ಪಂಚರ ಮುಂದೆ ನನ್ನ ಪಾಲಿಗೆ ಬರೆದದ್ದು. ಎಲ್ಲಿದೆ? ಇಷ್ಟು ವರ್ಷ ಕೇಳಿಲ್ಲ. ಇವತ್ತು ಕೇಳುತ್ತಿದ್ದೇನೆ.

ಅಪ್ಪ: ಹಂಡೆಯನ್ನು ನೀನು ತೆಗೆದುಕೊಂಡು ಹೋದೆ ಎಂದು ನಾನು ತಿಳಿದಿದ್ದೆ. ಕೇಳಬಾರದು ಎಂದು ಸುಮ್ಮನಿದ್ದೆ. ಧಾರವಾಡ.

ಕಾಕಾ: ನಾನು ತಗೊಂಡಿದ್ದರೆ ಇಷ್ಟು ವರ್ಷ ಗೀಸರ್ ರಿಪೇರಿ ಮಾಡಿಸುತ್ತಿದ್ದೆನಾ?

ಅಲ್ಲಿಂದ ಮೆಸೇಜುಗಳ ಸುರಿಮಳೆ. ಪಂಚರು ಯಾರಿದ್ದರು, ಕಾಗದದಲ್ಲಿ 'ದೊಡ್ಡ ಹಂಡೆ' ಅಂತ ಇತ್ತೋ 'ಹಂಡೆ' ಅಂತಲೋ, ಅವತ್ತು ಊಟಕ್ಕೆ ಯಾರು ಕೂರಲಿಲ್ಲ. ಪುಣೆ ತಮ್ಮ ಪಾಲಿನ ಕಾಗದದ ಫೋಟೋ ಕೇಳಿದ. ಇಬ್ಬರೂ ಒಟ್ಟಿಗೆ ಅವನನ್ನು ಬೈದರು. ಇಡೀ ದಿನದಲ್ಲಿ ಅಣ್ಣತಮ್ಮಂದಿರು ಒಮ್ಮತಕ್ಕೆ ಬಂದದ್ದು ಅಲ್ಲಿ ಮಾತ್ರ.

ರಾತ್ರಿ ಹತ್ತರ ಹೊತ್ತಿಗೆ ಲೆಸ್ಟರ್ ಅಕ್ಕ ಬರೆದಳು. ಹುಬ್ಬಳ್ಳಿ ಆತ್ಯಾ ಅಂದರೆ ನಮ್ಮ ಸೋದರತ್ತೆ, ಅವರ ಮಗಳು, ಮದುವೆಯಾಗಿ ಇಂಗ್ಲೆಂಡಿನ ಆ ಊರಿಗೆ ಹೋದವಳು. ಅಲ್ಲಿಯವಳು ಇವಳೊಬ್ಬಳೇ. ಇಷ್ಟು ಹೊತ್ತು ನಾವ್ಯಾರೂ ಅವಳನ್ನು ಒಂದು ಮಾತೂ ಕೇಳಿರಲಿಲ್ಲ.

ಲೆಸ್ಟರ್ ಅಕ್ಕ: ಎಲ್ಲ ಓದಿದೆ, ಫಾರ್ವರ್ಡ್ ಸಮೇತ. ನಾನೂ ಆ ವೋಟು ಹಾಕಿದವಳು, ಗೊತ್ತಾ?

ಪುಣೆ ತಮ್ಮ: ಆಗ ನಿನ್ನದು ಭಾರತದ ಪಾಸ್‌ಪೋರ್ಟ್ ಅಲ್ವಾ ಅಕ್ಕಾ?

ಲೆಸ್ಟರ್ ಅಕ್ಕ: ಹೌದು. ಕಾಮನ್‌ವೆಲ್ತ್ ದೇಶದವರು ಇಲ್ಲಿ ವಾಸ ಇದ್ದರೆ ವೋಟು ಇತ್ತು. ಪಕ್ಕದ ಮನೆಯ ಪೋಲೆಂಡಿನ ಹುಡುಗಿ ನನಗಿಂತ ಮೊದಲು ಬಂದವಳು, ಅವಳಿಗೆ ಇರಲಿಲ್ಲ. ಅವಳ ಮೇಲೆಯೇ ನಾನು ವೋಟು ಹಾಕಿದ ಹಾಗೆ ಆಯಿತು. ಲೆಸ್ಟರಿನಲ್ಲಿ ಇರೋಣ ಅಂದವರು 51.1. ನಾನು ಬಿಡೋಣ ಅಂದೆ.

ಕಾಕಾ ಕೂಡಲೇ ಹೆಬ್ಬೆರಳು ಎತ್ತಿದರು. ಅವಳ ಮಾತು ಮುಗಿದಿರಲಿಲ್ಲ.

ಲೆಸ್ಟರ್ ಅಕ್ಕ: ಅವರದು ಒಕ್ಕೂಟದ ದೇಶ, ಆ ಹುಡುಗಿಯ ಅಮ್ಮ ಒಂದು ಸೂಟ್‌ಕೇಸ್ ಹಿಡಿದು ಬಂದು ಇದ್ದುಬಿಟ್ಟಳು. ನಮ್ಮ ಅಮ್ಮನಿಗೆ ಬರೀ ಆರು ತಿಂಗಳ ವೀಸಾ. ಅಪ್ಪ ಹೋದ ಮೇಲೆ ಇಲ್ಲೇ ಇಟ್ಟುಕೊಳ್ಳೋಣ ಅಂತ ವಕೀಲರ ಹತ್ತಿರ ಹೋಗಿದ್ದೆವು. ಅರ್ಜಿ ಹಾಕಬೇಡಿ, ದುಡ್ಡು ದಂಡ ಅಂದರು. ತನ್ನ ಕೆಲಸ ತಾನು ಮಾಡಿಕೊಳ್ಳಲಾಗದಷ್ಟು ಕಾಯಿಲೆ ಇರಬೇಕು, ಊರಿನಲ್ಲಿ ನೋಡಿಕೊಳ್ಳುವವರು ದುಡ್ಡು ಕೊಟ್ಟರೂ ಸಿಗಬಾರದು. ಒಕ್ಕೂಟ ಬಿಟ್ಟರೆ ಎಲ್ಲರಿಗೂ ಒಂದೇ ಕ್ಯೂ ಆಗುತ್ತದೆ, ನಮ್ಮ ಪಾಳಿಯೂ ಬರುತ್ತದೆ ಅಂದುಕೊಂಡೆ. ಒಂದೇ ಕ್ಯೂ ಏನೋ ಆಯಿತು, ಈಗ ಅಲ್ಲಿಂದ ಹೊಸದಾಗಿ ಬರುವವರಿಗೂ ಅಮ್ಮಂದಿರನ್ನು ಹಾಗೆ ಕರೆಸಿಕೊಳ್ಳಲು ಆಗುವುದಿಲ್ಲ. ಆ ನಿಯಮ 2012ರಲ್ಲಿ ಬಂದದ್ದು. ಯುರೋಪು ಮಾಡಿದ್ದಲ್ಲ, ಇವರದೇ. ಇನ್ನೂ ಇದೆ. ವೋಟು ಹಾಕುವಾಗ ನಾನೂ ಪೂರ್ತಿ ಓದಿರಲಿಲ್ಲ.

ಗುಂಪು ತಣ್ಣಗಾಯಿತು. ಪುಣೆ ತಮ್ಮ ಕೂಡ ಸೋರ್ಸ್ ಕೇಳಲಿಲ್ಲ. ಬೆಳಗಾವಿ ಅಣ್ಣ ಒಂದು ಮಾವಿನಹಣ್ಣಿನ ಚಿತ್ರ ಹಾಕಿ, ತಕ್ಷಣ ಅಳಿಸಿದ.

ಹತ್ತು ನಿಮಿಷದ ಮೇಲೆ ಆತ್ಯಾನ ವಾಯ್ಸ್ ಮೆಸೇಜ್ ಬಂತು. ಆತ್ಯಾ ದಿನಾ ಬೆಳಿಗ್ಗೆ ರಾಯರ ಫೋಟೋ ಕಳಿಸುವುದು ಬಿಟ್ಟರೆ ಗುಂಪಿನಲ್ಲಿ ಬಾಯಿ ಬಿಡುವವರಲ್ಲ. ಹಿಂದೆ ಫ್ಯಾನ್ ತಿರುಗುವ ಸದ್ದು.

"ನಾನು ಬರ್ತೀನಿ ಅಂತ ನಿನಗ ಯಾರು ಹೇಳಿದ್ದರು? ಆ ಥಂಡಿಯೊಳಗ? ಒಂದು ಮಾತು ಕೇಳಿದ್ದರ ಬ್ಯಾಡ ಅಂತಿದ್ದೆ, ನೀನೂ ಅವರ ಪಾಡಿಗೆ ಅವರನ್ನ ಬಿಡತಿದ್ದಿ." ಸ್ವಲ್ಪ ಹೊತ್ತು ಬರೀ ಫ್ಯಾನ್. "ಮತ್ತ ಆ ಹಂಡೆ ನನ್ನ ಕಡೆ ಅದ. ಅವ್ವ ತಾನೇ ಕೊಟ್ಟು ಕಳಿಸಿದ್ಲು, ಇವರಿಬ್ಬರಿಗೂ ಹೇಳಬ್ಯಾಡ ಅಂದಿದ್ಲು. ಇನ್ನ ಮಲಕೋರಿ."

'ಅಪ್ಪ ಟೈಪಿಂಗ್' ಅಂತ ಬಂತು. 'ಕಾಕಾ ಟೈಪಿಂಗ್' ಅಂತಲೂ ಬಂತು. ಇಬ್ಬರದೂ ಬಹಳ ಹೊತ್ತು ಹಾಗೇ ಇತ್ತು. ಆಮೇಲೆ ನಿಂತಿತು.